ನೆಲದ ಮೇಲೆ ಹಕ್ಕಿಮರಿ: ಕೈ ಹಾಕುವ ಮುನ್ನ ದೋಷ ಪತ್ತೆ

ಮರದ ಬುಡದಲ್ಲೋ ಅಂಗಳದ ಮೂಲೆಯಲ್ಲೋ ಒಂಟಿಯಾಗಿ ಕುಳಿತ ಹಕ್ಕಿಮರಿಯನ್ನು ಕಂಡವರು ಸಾಮಾನ್ಯವಾಗಿ ಎರಡು ತೀರ್ಮಾನಗಳನ್ನು ಒಟ್ಟಿಗೇ ಮಾಡಿಬಿಡುತ್ತಾರೆ: ಮರಿ ಗೂಡಿನಿಂದ ಬಿದ್ದಿದೆ, ತಾಯಿ ಅದನ್ನು ಕೈಬಿಟ್ಟಿದೆ. ಬಹಳಷ್ಟು ಸಲ ಈ ಎರಡೂ ತೀರ್ಮಾನಗಳು ತಪ್ಪಾಗಿರುತ್ತವೆ. ಗೂಡು ಬಿಡುವ ವಯಸ್ಸು ಬಂದು ತಾನಾಗಿಯೇ ಕೆಳಗಿಳಿದ ಮರಿಯನ್ನು ಯಾರೋ ಕನಿಕರದಿಂದ ಎತ್ತಿಕೊಂಡು ಹೋಗುತ್ತಾರೆ. ಬಾಯಲ್ಲಿ ಹುಳ ಹಿಡಿದು ಬಂದ ತಾಯಿ ತಂದೆಗಳು ಖಾಲಿ ಜಾಗದ ಸುತ್ತ ಕೂಗುತ್ತಾ ಹಾರಾಡುತ್ತವೆ. ಆದ್ದರಿಂದ ಇಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು ಮರಿಯನ್ನು ಹೇಗೆ ಉಳಿಸಬೇಕು ಎಂಬುದನ್ನಲ್ಲ, ಅದಕ್ಕೆ ನಿಜವಾಗಿಯೂ ಏನಾದರೂ ಆಗಿದೆಯೇ ಎಂಬುದನ್ನು. ಈ ಬರಹ ಅದೇ ಕ್ರಮದಲ್ಲಿ ಸಾಗುತ್ತದೆ.

ಮೊದಲ ನೋಟ: ಇದು ತುರ್ತು ಸ್ಥಿತಿಯೇ?

ಮರಿಯನ್ನು ಮುಟ್ಟದೆ, ನಾಲ್ಕೈದು ಹೆಜ್ಜೆ ದೂರದಲ್ಲಿ ನಿಂತು ನೋಡಬೇಕು. ರಕ್ತ ಕಾಣುತ್ತಿದೆಯೇ, ಒಂದು ರೆಕ್ಕೆ ಇನ್ನೊಂದಕ್ಕಿಂತ ಕೆಳಗೆ ಜೋತು ಬಿದ್ದಿದೆಯೇ, ಕಾಲು ವಿಚಿತ್ರ ಕೋನದಲ್ಲಿ ತಿರುಗಿದೆಯೇ, ಮರಿ ಮಗ್ಗುಲಾಗಿ ಬಿದ್ದು ಏಳಲಾರದಂತಿದೆಯೇ, ಬಾಯಿ ತೆರೆದು ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡಿಸುತ್ತಿದೆಯೇ, ಮೈಮೇಲೆ ಇರುವೆ ಹತ್ತಿದೆಯೇ, ಪುಕ್ಕದ ಸಂದಿಯಲ್ಲಿ ನೊಣದ ಬಿಳಿಯ ಪುಟ್ಟ ತತ್ತಿಗಳು ಒತ್ತೊತ್ತಾಗಿ ಅಂಟಿವೆಯೇ ಎಂದು ಗಮನಿಸಬೇಕು. ಬೆಕ್ಕು ಅಥವಾ ನಾಯಿ ಅದನ್ನು ಬಾಯಲ್ಲಿ ಕಚ್ಚಿದ್ದನ್ನು ಯಾರಾದರೂ ಕಂಡಿದ್ದರೆ, ಹೊರಗೆ ಗಾಯ ಕಾಣದಿದ್ದರೂ ಅದು ತುರ್ತು ಸ್ಥಿತಿಯೇ. ಇವುಗಳಲ್ಲಿ ಒಂದಾದರೂ ಇದ್ದರೆ ಮಧ್ಯದ ಭಾಗಗಳನ್ನು ಬಿಟ್ಟು ನೇರವಾಗಿ ಗಾಯಗೊಂಡ ಮರಿಯ ಭಾಗಕ್ಕೆ ಹೋಗಬಹುದು. ಯಾವುದೂ ಇಲ್ಲದಿದ್ದರೆ ಅವಸರಕ್ಕೆ ಕಾರಣವಿಲ್ಲ. ಮುಂದಿನ ಕೆಲಸ ಮರಿಯ ವಯಸ್ಸನ್ನು ಗುರುತಿಸುವುದು.

ವಯಸ್ಸಿನ ಪತ್ತೆ

ಗುಬ್ಬಚ್ಚಿ, ಮೈನಾ, ಕಾಗೆ ಮುಂತಾದ, ಗೂಡಿನಲ್ಲಿ ಗುಟುಕು ತಿಂದು ಬೆಳೆಯುವ ಹಕ್ಕಿಗಳ ಮರಿಗಳನ್ನು ಮೂರು ಹಂತಗಳಲ್ಲಿ ಗುರುತಿಸಬಹುದು. ಮೊಟ್ಟೆಯೊಡೆದು ಎರಡು ಮೂರು ದಿನವಾಗಿರುವ ಮರಿಯ ಕಣ್ಣು ಮುಚ್ಚಿರುತ್ತದೆ, ಮೈ ಬೆತ್ತಲೆಯಾಗಿರುತ್ತದೆ ಅಥವಾ ಅಲ್ಲಲ್ಲಿ ಒಂದೆರಡು ಎಳೆ ನವಿರು ಮಾತ್ರ ಇರುತ್ತದೆ, ಚರ್ಮ ಎಷ್ಟು ತೆಳುವೆಂದರೆ ಹೊಟ್ಟೆಯೊಳಗಿನ ಅಂಗಗಳು ಮಸುಕಾಗಿ ತೋರುತ್ತವೆ. ಎರಡನೆಯ ಹಂತದಲ್ಲಿ ಕಣ್ಣು ತೆರೆದಿರುತ್ತದೆ. ರೆಕ್ಕೆಯ ಅಂಚಿನಲ್ಲೂ ಬೆನ್ನಿನ ಮೇಲೂ ನೀಲಿ ಬೂದು ಬಣ್ಣದ ಮುಳ್ಳುಗಳು ಎದ್ದಿರುತ್ತವೆ. ಅವು ನಿಜಕ್ಕೂ ಮುಳ್ಳುಗಳಲ್ಲ. ಇನ್ನೂ ಬಿಚ್ಚಿಕೊಳ್ಳದ ಗರಿಗಳು ತಮ್ಮ ಕೊಳವೆಯೊಳಗೇ ಸುತ್ತಿಕೊಂಡಿರುತ್ತವೆ, ತುದಿಯಲ್ಲಿ ಮಾತ್ರ ಕುಂಚದಂತೆ ಒಂದಿಷ್ಟು ಪುಕ್ಕ ಇಣುಕುತ್ತಿರುತ್ತದೆ. ಈ ಎರಡೂ ಹಂತದ ಮರಿಗಳ ಜಾಗ ಗೂಡು. ನೆಲದ ಮೇಲೆ ಕಂಡರೆ ಏನೋ ಆಗಿದೆ ಎಂದೇ ಅರ್ಥ.

ಮೂರನೆಯ ಹಂತದಲ್ಲೇ ಜನ ಎಡವುವುದು. ಮೈ ತುಂಬ ಪುಕ್ಕ ಬಂದಿರುತ್ತದೆ, ಆದರೆ ಬಾಲ ಮೋಟಾಗಿರುತ್ತದೆ, ತಲೆಯ ಮೇಲೆ ಮರಿತನದ ನವಿರು ಒಂದಿಷ್ಟು ಉಳಿದಿರುತ್ತದೆ, ಬಾಯಿಯ ಎರಡು ಮೂಲೆಗಳಲ್ಲಿ ಹಳದಿ ಅಥವಾ ಬಿಳಿಯ ಮೆತ್ತನೆಯ ಅಂಚು ಇನ್ನೂ ಮಾಸಿರುವುದಿಲ್ಲ. ಇದು ಕುಪ್ಪಳಿಸುತ್ತದೆ, ರೆಕ್ಕೆ ಬಡಿಯುತ್ತದೆ, ಒಂದಡಿ ಎರಡಡಿ ಹಾರಿ ದೊಪ್ಪನೆ ಇಳಿಯುತ್ತದೆ. ಹಾರಲು ಬರುವುದಿಲ್ಲ ಎಂಬುದನ್ನೇ ನೋಡಿ ಅದಕ್ಕೆ ಏನೋ ಆಗಿದೆ ಎಂದು ಜನ ತಿಳಿಯುತ್ತಾರೆ. ಸಣ್ಣ ಹಾಡುಹಕ್ಕಿಗಳ ಮರಿಗಳು ಸುಮಾರು ಎರಡು ವಾರಗಳಲ್ಲೇ, ಸರಿಯಾಗಿ ಹಾರಲು ಬರುವ ಮುನ್ನವೇ, ಗೂಡು ಬಿಡುತ್ತವೆ. ಇದಕ್ಕೆ ಕಾರಣವೂ ಇದೆ. ನಾಲ್ಕೈದು ಮರಿಗಳು ಒಂದೇ ಗೂಡಿನಲ್ಲಿ ಕಿಚಿಗುಟ್ಟುತ್ತಿದ್ದರೆ ಹಾವಿಗೋ ಬೆಕ್ಕಿಗೋ ಅದರ ಸುಳಿವು ಸಿಕ್ಕ ದಿನ ಇಡೀ ಸಂಸಾರ ಮುಗಿಯಿತು. ಬೇರೆ ಬೇರೆ ಪೊದೆಗಳಲ್ಲಿ ಚದುರಿ ಕುಳಿತರೆ ಒಂದೆರಡಾದರೂ ಉಳಿಯುತ್ತವೆ. ಕಡ್ಡಿಯೊಂದನ್ನು ಕಾಲಿಗೆ ತಾಗಿಸಿದಾಗ ಮರಿ ಅದನ್ನು ಗಟ್ಟಿಯಾಗಿ ಹಿಡಿದು ನೆಟ್ಟಗೆ ಕೂರಬಲ್ಲದಾದರೆ ಅದು ಗೂಡು ಬಿಟ್ಟ ಮರಿಯೆಂದು ತಿಳಿಯಬಹುದು; ಕಾಲು ಕುಸಿದು ಹೊಟ್ಟೆಯ ಮೇಲೆ ಕೂರುವುದಾದರೆ ಅದಿನ್ನೂ ಗೂಡಿನ ಮರಿ.

ಪುಕ್ಕ ಬಂದ ಮರಿ: ಬಹುತೇಕ ದೋಷವಿಲ್ಲ

ಇಂಥ ಮರಿಯ ವಿಷಯದಲ್ಲಿ ಮಾಡಬೇಕಾದ ಕೆಲಸ ಬಹಳ ಕಡಿಮೆ, ಮತ್ತು ಅಷ್ಟಕ್ಕೇ ನಿಲ್ಲುವುದು ನಮಗೆ ಬಹಳ ಕಷ್ಟ. ಸಾಕುಪ್ರಾಣಿಗಳನ್ನು ಒಳಗೆ ಕಟ್ಟಿಹಾಕಬೇಕು, ಮಕ್ಕಳನ್ನು ದೂರವಿಡಬೇಕು, ಮರಿ ರಸ್ತೆಯ ಮೇಲೋ ಕಾಲುದಾರಿಯ ಮೇಲೋ ಸುಡುಬಿಸಿಲಿನಲ್ಲೋ ಇದ್ದರೆ ಮೆಲ್ಲನೆ ಎತ್ತಿ ಹತ್ತಿರದ ಪೊದೆಯೊಳಗೋ ತಗ್ಗಿನ ಕೊಂಬೆಯ ಮೇಲೋ ಕೂರಿಸಬೇಕು. ಮರಿಯ ಕೂಗು ಕೇಳಿಸಿಕೊಂಡೇ ತಾಯಿ ತಂದೆಗಳು ಅದನ್ನು ಹುಡುಕುವುದರಿಂದ ಕೆಲವೇ ಮೀಟರುಗಳಿಗಿಂತ ದೂರ ಒಯ್ಯಬಾರದು. ಗೂಡು ಕಣ್ಣಿಗೆ ಬಿದ್ದರೂ ಈ ವಯಸ್ಸಿನ ಮರಿಯನ್ನು ಅದರೊಳಗೆ ತುರುಕಬಾರದು. ಅದು ಮತ್ತೆ ಜಿಗಿಯುತ್ತದೆ, ಮತ್ತು ಆ ಗಲಿಬಿಲಿಗೆ ಇನ್ನೂ ವಯಸ್ಸಾಗದ ಒಡಹುಟ್ಟುಗಳೂ ಜಿಗಿಯಬಹುದು.

ತಾಯಿ ತಂದೆಗಳು ಬರುತ್ತಿವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಲು ಒಂದೆರಡು ಗಂಟೆ ಮನೆಯೊಳಗಿನಿಂದ ಅಥವಾ ಸಾಕಷ್ಟು ದೂರದಿಂದ ಗಮನಿಸಬೇಕು. ಮರಿಯ ಪಕ್ಕದಲ್ಲೇ ನಿಂತು "ಯಾವ ಹಕ್ಕಿಯೂ ಬರಲಿಲ್ಲ" ಎಂದು ಹೇಳುವವರು, ತಾವು ನಿಂತಿರುವುದರಿಂದಲೇ ಅವು ಬರುತ್ತಿಲ್ಲ ಎಂಬುದನ್ನು ಯೋಚಿಸುವುದಿಲ್ಲ. ಗುಟುಕು ಕೊಡುವ ಭೇಟಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವುದರಿಂದ ಕಣ್ಣು ಆಚೆ ಈಚೆ ಹೋದರೂ ತಪ್ಪಿಹೋಗುತ್ತದೆ. ಮೊಬೈಲನ್ನು ದೂರದಲ್ಲಿಟ್ಟು ವಿಡಿಯೋ ಮಾಡಿಟ್ಟರೆ ಈ ಅನುಮಾನ ಉಳಿಯುವುದಿಲ್ಲ. ಬೇರೆ ಸುಳಿವುಗಳೂ ಇವೆ. ಮರಿಯ ಸುತ್ತಮುತ್ತ ತಾಜಾ ಹಿಕ್ಕೆ ಬಿದ್ದಿದ್ದರೆ ಅದಕ್ಕೆ ಆಹಾರ ಸಿಗುತ್ತಿದೆ. ನೀವು ಹತ್ತಿರ ಹೋದಾಗ ಮೇಲಿನ ಕೊಂಬೆಯಿಂದ ದೊಡ್ಡ ಹಕ್ಕಿಯೊಂದು ಒಂದೇ ಸಮನೆ ಕಿರುಚಿದರೆ ಅಥವಾ ಕಾಗೆಯೊಂದು ನೆತ್ತಿಗೆ ಎರಗಿದರೆ, ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ: ಪೋಷಕರು ಅಲ್ಲೇ ಇದ್ದಾರೆ, ನಿಮ್ಮನ್ನು ಅಲ್ಲಿಂದ ಹೊರಡಿ ಎನ್ನುತ್ತಿದ್ದಾರೆ.

ಗುಟುಕು ಕೊಡುವ ಹಕ್ಕಿ ಮರಿಯ ಜಾತಿಯದ್ದೇ ಆಗಿರಬೇಕೆಂದೂ ಇಲ್ಲ. ಕೋಗಿಲೆಯ ಮರಿಗೆ ಕಾಗೆ ಗುಟುಕು ಕೊಡುವುದನ್ನು ಕಂಡು ಗಾಬರಿಯಾಗಬೇಕಾಗಿಲ್ಲ, ಅವೆರಡನ್ನೂ ಬೇರ್ಪಡಿಸಬೇಕಾಗಿಯೂ ಇಲ್ಲ.

ಪುಕ್ಕ ಬಾರದ ಮರಿ: ಗೂಡಿಗೆ ಮರಳಿಸುವುದು

ಮರಿಯನ್ನು ಮನುಷ್ಯರು ಮುಟ್ಟಿದರೆ ತಾಯಿ ಅದನ್ನು ಸೇರಿಸಿಕೊಳ್ಳುವುದಿಲ್ಲ ಎಂಬ ನಂಬಿಕೆ ಎಷ್ಟು ಆಳವಾಗಿದೆಯೆಂದರೆ, ಮೇಲೆ ಗೂಡು ಕಾಣುತ್ತಿದ್ದರೂ ಮರಿಯನ್ನು ವಾಪಸ್ ಇಡಲು ಜನ ಹಿಂಜರಿಯುತ್ತಾರೆ. ಆ ನಂಬಿಕೆ ನಿಜವಲ್ಲ. ಹಕ್ಕಿಗಳು ತಮ್ಮ ಮರಿಗಳನ್ನು ಮುಖ್ಯವಾಗಿ ಜಾಗದಿಂದಲೂ ಕೂಗಿನಿಂದಲೂ ಗುರುತಿಸುತ್ತವೆ. ಮನುಷ್ಯನ ಕೈವಾಸನೆಗೆ ಮರಿಯನ್ನು ತೊರೆಯುವುದಿಲ್ಲ. ಶುದ್ಧವಾದ ಕೈಯಿಂದ, ಬೇಗ ಮತ್ತು ಮೃದುವಾಗಿ, ಮರಿಯನ್ನು ಗೂಡಿಗೆ ಇಡುವುದೇ ಇಲ್ಲಿನ ಸರಿಯಾದ ಪರಿಹಾರ.

ಆದರೆ ಇಡುವ ಮುನ್ನ ಮರಿ ಬೆಚ್ಚಗಿರಬೇಕು. ಬೆತ್ತಲೆ ಮರಿಗೆ ತನ್ನ ಮೈ ಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯಿಲ್ಲ. ತಾಯಿಯ ಕಾವಿಲ್ಲದೆ ನೆಲದ ಮೇಲೆ ಬಿದ್ದ ಮರಿ ಬೇಗನೆ ತಣ್ಣಗಾಗುತ್ತದೆ. ತಣ್ಣಗಾದ ಮರಿ ಕತ್ತು ಚಾಚಿ ಬಾಯಿ ತೆರೆಯುವುದಿಲ್ಲ, ಬಾಯಿ ತೆರೆಯದ ಮರಿಗೆ ತಾಯಿ ಗುಟುಕು ಕೊಡುವುದಿಲ್ಲ, ಕೆಲವೊಮ್ಮೆ ಸತ್ತಿದೆಯೆಂದು ತಿಳಿದು ಹೊರಗೂ ಹಾಕುತ್ತದೆ. ಹಾಗಾಗಿ ಮರಿಯನ್ನು ಎರಡು ಅಂಗೈಗಳ ನಡುವೆ ಹಗುರವಾಗಿ ಹಿಡಿದು, ಅದು ಮುಟ್ಟಲು ಬೆಚ್ಚಗಾಗುವವರೆಗೆ ಮತ್ತು ಕಾಲು ಕತ್ತು ಆಡಿಸುವವರೆಗೆ ಕಾಯಬೇಕು. ಹಾಗೆಯೇ ಗೂಡಿನಲ್ಲಿ ಉಳಿದ ಮರಿಗಳನ್ನೂ ಒಮ್ಮೆ ನೋಡಬೇಕು. ಅವು ಬೆಚ್ಚಗೆ, ಚುರುಕಾಗಿ ಇದ್ದರೆ ಪೋಷಕರು ಬರುತ್ತಿದ್ದಾರೆ. ಎಲ್ಲವೂ ತಣ್ಣಗೆ, ನಿಸ್ತೇಜವಾಗಿದ್ದರೆ ಪೋಷಕರಿಗೇ ಏನೋ ಆಗಿದೆ, ಆಗ ಎಲ್ಲ ಮರಿಗಳನ್ನೂ ತಜ್ಞರಿಗೆ ಒಪ್ಪಿಸಬೇಕಾಗುತ್ತದೆ.

ಗೂಡು ಕೈಗೆಟುಕದಿದ್ದರೆ, ಗಾಳಿಮಳೆಗೆ ಕಿತ್ತುಹೋಗಿದ್ದರೆ ಅಥವಾ ಕೊಂಬೆಯ ಜೊತೆಗೆ ಕಡಿದುಬಿದ್ದಿದ್ದರೆ ಬದಲಿ ಗೂಡು ಮಾಡಬಹುದು. ಸಣ್ಣ ಬುಟ್ಟಿಯೋ ಪ್ಲಾಸ್ಟಿಕ್ ಡಬ್ಬವೋ ಸಾಕು, ಆದರೆ ತಳದಲ್ಲಿ ನೀರು ಇಳಿದುಹೋಗಲು ಹಲವು ತೂತುಗಳಿರಲೇಬೇಕು. ಇಲ್ಲವಾದರೆ ಒಂದು ಮಳೆಗೇ ಮರಿಗಳು ಮುಳುಗುತ್ತವೆ. ಒಳಗೆ ಒಣಹುಲ್ಲು ಹಾಸಿ ನಡುವೆ ಬಟ್ಟಲಿನಂತೆ ತಗ್ಗು ಮಾಡಬೇಕು. ಹಸಿ ಹುಲ್ಲಿನ ತೇವ ಮರಿಯ ಶಾಖವನ್ನು ಹೀರುತ್ತದೆ, ಹತ್ತಿಯ ಎಳೆಗಳು ಕಾಲುಗುರಿಗೆ ಸುತ್ತಿಕೊಳ್ಳುತ್ತವೆ, ಎರಡನ್ನೂ ಬಳಸಬಾರದು. ತಳ ನುಣುಪಾಗಿ ಅಗಲವಾಗಿದ್ದರೆ ಮರಿಯ ಕಾಲುಗಳು ಎರಡು ಬದಿಗೆ ಜಾರಿ ಹರಡಿಕೊಂಡು, ಹಾಗೆಯೇ ಬೆಳೆದರೆ ಶಾಶ್ವತವಾಗಿ ಊನವಾಗುತ್ತವೆ. ಬದಲಿ ಗೂಡನ್ನು ಹಳೆಯ ಗೂಡಿದ್ದ ಮರದಲ್ಲೇ, ಸಾಧ್ಯವಾದಷ್ಟು ಅದರ ಹತ್ತಿರ, ನೆರಳಿನಲ್ಲಿ, ಗಾಳಿಗೆ ಅಲುಗಾಡದಂತೆ ಕಟ್ಟಬೇಕು. ಹಳೆಯ ಗೂಡಿನ ಅವಶೇಷ ಇಡಿಯಾಗಿ ಸಿಕ್ಕರೆ ಅದನ್ನೇ ಬುಟ್ಟಿಯೊಳಗೆ ಇಡುವುದು ಇನ್ನೂ ಒಳ್ಳೆಯದು.

ಇಟ್ಟ ಮೇಲೆ ದೂರ ಸರಿದು ಒಂದೆರಡು ಗಂಟೆ ಕಾಯಬೇಕು. ಈ ಪುಟ್ಟ ಮರಿಗಳಿಗೆ ಹಗಲಿನಲ್ಲಿ ಗಂಟೆಗೆ ಹಲವು ಸಲ ಗುಟುಕು ಬೇಕಾಗುವುದರಿಂದ ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಯಾವ ಹಕ್ಕಿಯೂ ಬಾರದಿದ್ದರೆ ಆ ದಿನ ಸಂಜೆಯವರೆಗೆ ನೋಡೋಣ ಎಂದು ಕೂರುವಂತಿಲ್ಲ. ಮರಿ ಸಿಕ್ಕಿದ್ದೇ ಕತ್ತಲಾದ ಮೇಲಾದರೆ ಲೆಕ್ಕ ಬೇರೆ: ಹಗಲು ಹಕ್ಕಿಗಳು ರಾತ್ರಿ ಗುಟುಕು ಕೊಡುವುದಿಲ್ಲ, ಹಾಗಾಗಿ ಮರಿಯನ್ನು ರಾತ್ರಿಯಿಡೀ ಬೆಚ್ಚಗಿನ ಪೆಟ್ಟಿಗೆಯಲ್ಲಿ ಸುಮ್ಮನೆ ಇರಿಸಿ ಬೆಳಕು ಹರಿಯುತ್ತಿದ್ದಂತೆ ಗೂಡಿಗೆ ಮರಳಿಸಬಹುದು.

ಮರಳಿಸಿದ ಅದೇ ಮರಿ ಪದೇ ಪದೇ ಕೆಳಗೆ ಬೀಳುತ್ತಿದ್ದರೆ ಗೂಡನ್ನೇ ಪರೀಕ್ಷಿಸಬೇಕು. ಗೂಡು ಓರೆಯಾಗಿರಬಹುದು, ಇರುವೆಯೋ ಉಣ್ಣಿಯೋ ಮುತ್ತಿರಬಹುದು, ಲೋಹದ ಚಾವಣಿಯ ಕೆಳಗಿದ್ದು ಬೇಗೆ ತಾಳಲಾರದೆ ಮರಿಗಳು ಅಂಚಿಗೆ ಬರುತ್ತಿರಬಹುದು. ಇವ್ಯಾವುವೂ ಅಲ್ಲದಿದ್ದರೆ ಮರಿಯೇ ರೋಗಿಯಾಗಿದ್ದು ಪೋಷಕರೇ ಅದನ್ನು ಹೊರಹಾಕುತ್ತಿರುವ ಸಾಧ್ಯತೆ ಇದೆ.

ಮೇಲಿನ ಲೆಕ್ಕಕ್ಕೆ ಸಿಗದ ಮರಿಗಳು

ಬಾನಾಡಿ ಅಥವಾ ಸ್ವಿಫ್ಟ್ ಎಂದು ಕರೆಯುವ, ಕುಡುಗೋಲಿನಾಕಾರದ ಉದ್ದ ರೆಕ್ಕೆಯ ಕಪ್ಪು ಕಂದು ಹಕ್ಕಿಯ ಮರಿ ನೆಲದ ಮೇಲಿದ್ದರೆ, ಪುಕ್ಕ ಎಷ್ಟೇ ಬಂದಿರಲಿ, ಅದು ತುರ್ತು ಸ್ಥಿತಿ. ಅದರ ಪುಟ್ಟ ಕಾಲುಗಳು ಗೋಡೆಗೆ ಜೋತುಬೀಳಲು ಆಗುತ್ತವೆಯೇ ಹೊರತು ಕೊಂಬೆಯ ಮೇಲೆ ಕೂರಲಾಗಲೀ ಕುಪ್ಪಳಿಸಲಾಗಲೀ ಆಗುವುದಿಲ್ಲ. ಗೂಡು ಬಿಟ್ಟ ಬಾನಾಡಿ ಮರಿಗೆ ಪೋಷಕರು ಗುಟುಕು ಕೊಡುವುದಿಲ್ಲ. ಅದು ಗೂಡಿನಿಂದ ನೇರವಾಗಿ ಆಕಾಶಕ್ಕೆ ಹೋಗಬೇಕಾದ ಹಕ್ಕಿ. ಹಾರಲಿ ಎಂದು ಅದನ್ನು ಮೇಲಕ್ಕೆ ಎಸೆಯುವುದು ಅತ್ಯಂತ ಕೆಟ್ಟ ಪ್ರಯೋಗ. ಪೊದೆಯಲ್ಲಿಟ್ಟು ಬರುವುದರಿಂದಲೂ ಪ್ರಯೋಜನವಿಲ್ಲ. ಪೆಟ್ಟಿಗೆಯಲ್ಲಿಟ್ಟು ತಜ್ಞರಿಗೆ ತಲುಪಿಸಬೇಕು.

ಪಾರಿವಾಳದ ಮರಿಗೆ ಹಳದಿ ನೂಲಿನಂಥ ನವಿರೂ ಮುಖಕ್ಕೆ ಮೀರಿದ ದಪ್ಪ ಕೊಕ್ಕೂ ಇರುವುದರಿಂದ ಅನೇಕರು ಅದನ್ನು ಬೇರೆ ಯಾವುದೋ ಹಕ್ಕಿಯೆಂದು ತಿಳಿಯುತ್ತಾರೆ. ಅದು ಸುಮಾರು ಒಂದು ತಿಂಗಳು ಗೂಡಿನಲ್ಲೇ ಉಳಿದು ದೊಡ್ಡ ಹಕ್ಕಿಯಷ್ಟೇ ಆದ ಮೇಲೆ ಹೊರಬರುತ್ತದೆ. ಆದ್ದರಿಂದ ನವಿರು ಇನ್ನೂ ಎದ್ದು ಕಾಣುವ ಪಾರಿವಾಳದ ಮರಿ ನೆಲದಲ್ಲಿದ್ದರೆ ಅದಕ್ಕೆ ಸಹಾಯ ಬೇಕಾಗಿದೆ. ಅದು ಬಾಯಿ ತೆರೆದು ಬೇಡುವುದಿಲ್ಲ, ಪೋಷಕರ ಬಾಯೊಳಗೆ ತನ್ನ ಕೊಕ್ಕು ತೂರಿಸಿ ಅವುಗಳ ಗಂಟಲ ಚೀಲದಿಂದ ಬರುವ ಗಟ್ಟಿ ಹಾಲನ್ನು ಕುಡಿಯುತ್ತದೆ. ಬಾಯಿ ತೆರೆಯುತ್ತಿಲ್ಲವೆಂಬುದನ್ನು ಇಲ್ಲಿ ರೋಗಲಕ್ಷಣವೆಂದು ಎಣಿಸಬಾರದು.

ಗೂಬೆಯ ಮರಿಗಳು ಹಾರಲು ಬರುವ ಮುನ್ನವೇ ಗೂಡಿನಿಂದ ಹೊರಬಂದು ಕೊಂಬೆಯಿಂದ ಕೊಂಬೆಗೆ ನಡೆದಾಡುತ್ತವೆ, ಕೆಳಗೆ ಬಿದ್ದರೂ ಉಗುರು ಕೊಕ್ಕು ಊರಿ ಮರ ಹತ್ತಬಲ್ಲವು. ಅಪಾಯದ ಜಾಗದಲ್ಲಿದ್ದರೆ ದಪ್ಪ ಬಟ್ಟೆಯಲ್ಲಿ ಹಿಡಿದು ಕೊಂಬೆಯ ಮೇಲೆ ಕೂರಿಸಬಹುದು. ಪೋಷಕರು ಕತ್ತಲಾದ ಮೇಲೆ ಬರುವುದರಿಂದ ಹಗಲಿನ ಕಾವಲಿನಿಂದ ಏನೂ ತಿಳಿಯುವುದಿಲ್ಲ.

ಬಾತು, ಟಿಟ್ಟಿಭ ಮುಂತಾದವುಗಳ ಮರಿಗಳು ಹುಟ್ಟಿದ ದಿನವೇ ಕಣ್ಣು ತೆರೆದು, ಮೈತುಂಬ ನವಿರು ಹೊತ್ತು ಓಡಾಡುತ್ತವೆ. ಇವುಗಳಲ್ಲಿ ಒಂಟಿತನವೇ ದೋಷದ ಗುರುತು: ಒಂದೇ ಮರಿ ಬಿಡದೆ ಕೂಗುತ್ತಾ ಅತ್ತಿತ್ತ ಓಡುತ್ತಿದ್ದರೆ ಅದು ಕುಟುಂಬವನ್ನು ತಪ್ಪಿಸಿಕೊಂಡಿದೆ. ಹತ್ತಿರದಲ್ಲಿ ಕುಟುಂಬ ಕಂಡರೆ ಅದಕ್ಕೆ ಕೂಗು ಕೇಳುವಷ್ಟು ದೂರದಲ್ಲಿ ಮರಿಯನ್ನು ಬಿಟ್ಟು ಹಿಂದೆ ಸರಿಯಬೇಕು. ಟಿಟ್ಟಿಭದ ಮರಿ ನೆಲಕ್ಕಂಟಿ ಅಲುಗದೆ ಬಿದ್ದಿದ್ದರೆ ಅದು ಸತ್ತಿಲ್ಲ, ಸುಸ್ತಾಗಿಯೂ ಇಲ್ಲ. ತಾಯಿಯ ಎಚ್ಚರಿಕೆಯ ಕೂಗಿಗೆ ಅಡಗಿಕೊಂಡಿದೆ.

ಗಾಯಗೊಂಡ ಮರಿ

ಬೆಕ್ಕಿನ ಹಲ್ಲು ಸೂಜಿಯಷ್ಟು ಸಣ್ಣ ತೂತು ಮಾಡುತ್ತದೆ, ಪುಕ್ಕ ಅದನ್ನು ಮುಚ್ಚುತ್ತದೆ, ನೋಡಿದವರು ಗಾಯವಿಲ್ಲವೆಂದು ಮರಿಯನ್ನು ಬಿಟ್ಟುಬಿಡುತ್ತಾರೆ. ಬೆಕ್ಕಿನ ಬಾಯಲ್ಲಿರುವ ಪಾಶ್ಚರೆಲ್ಲಾ ಮಲ್ಟೊಸಿಡಾ ಎಂಬ ಬ್ಯಾಕ್ಟೀರಿಯಾ ಹಕ್ಕಿಯ ರಕ್ತಕ್ಕೆ ಸೇರಿದರೆ ಒಂದೆರಡು ದಿನಗಳಲ್ಲೇ ಸಾವು ಬರಬಹುದು. ಬೇಗನೆ ಆರಂಭಿಸಿದ ಪ್ರತಿಜೀವಕ ಔಷಧವೊಂದೇ ದಾರಿ. ಅದನ್ನು ಕೊಡಬೇಕಾದವರು ಪಶುವೈದ್ಯರು, ಮನೆಯ ಔಷಧ ಡಬ್ಬಿಯಲ್ಲ.

ವೈದ್ಯರ ಬಳಿಗೋ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೋ ತಲುಪಿಸುವವರೆಗೆ ಮರಿಗೆ ಬೇಕಾದದ್ದು ಮೂರೇ: ಶಾಖ, ಕತ್ತಲೆ, ನಿಶ್ಶಬ್ದ. ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆಯನ್ನು ಸುರುಳಿ ಸುತ್ತಿ ಅದರ ನಡುವೆ ಮರಿಯನ್ನು ಕೂರಿಸಬೇಕು. ತಂತಿ ಪಂಜರದಲ್ಲಿ ಗರಿಗಳು ಮುರಿಯುತ್ತವೆ. ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಬೇಕು, ಸೆಕೆ ಹೆಚ್ಚಾದರೆ ಮರಿ ಇನ್ನೊಂದು ಬದಿಗೆ ಸರಿಯಲು ಜಾಗವಿರಬೇಕು. ಸರಿಯಲಾರದಷ್ಟು ಎಳೆಯ ಮರಿಯಾದರೆ ಅದು ಕತ್ತು ಚಾಚಿ ಬಾಯಿ ತೆರೆದು ಏದುಸಿರು ಬಿಡುತ್ತಿದೆಯೇ ಎಂದು ನೋಡಿ ಬಾಟಲಿಯನ್ನು ದೂರ ಮಾಡಬೇಕು. ಅದರ ಹೊರತು ಪೆಟ್ಟಿಗೆಯನ್ನು ಮತ್ತೆ ಮತ್ತೆ ತೆರೆಯಬಾರದು. ಕೈಯಲ್ಲಿ ಸುಮ್ಮನೆ ಕುಳಿತ ಕಾಡುಹಕ್ಕಿ ನಮ್ಮನ್ನು ಒಪ್ಪಿಕೊಂಡಿಲ್ಲ, ಭಯಕ್ಕೆ ಸ್ತಬ್ಧವಾಗಿದೆ; ಸವರುವುದು, ಮಾತನಾಡಿಸುವುದು, ಫೋಟೋಗೆ ಹಿಡಿಯುವುದು ಎಲ್ಲವೂ ಆ ಭಯವನ್ನು ಹೆಚ್ಚಿಸುತ್ತವೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಏಕೆಂದರೆ ಹಕ್ಕಿಗಳ ಹಿಕ್ಕೆಯಿಂದ ಸಾಲ್ಮೊನೆಲ್ಲಾ ಮುಂತಾದ ಸೋಂಕುಗಳು ಮನುಷ್ಯರಿಗೂ ತಗಲುತ್ತವೆ.

ನೀರು, ಹಾಲು, ಬ್ರೆಡ್ಡು

ಬದುಕಬಹುದಾಗಿದ್ದ ಎಷ್ಟೋ ಮರಿಗಳು ಸಾಯುವುದು ಈ ಹಂತದಲ್ಲೇ. ಬಾಯಿ ಅಗಲಿಸಿದ ಮರಿಯ ನಾಲಿಗೆಯ ಬುಡವನ್ನು ಗಮನಿಸಿ ನೋಡಿದರೆ ಅಲ್ಲೊಂದು ಸಣ್ಣ ಸೀಳು ಉಸಿರಿಗೆ ತಕ್ಕಂತೆ ತೆರೆದು ಮುಚ್ಚುತ್ತಿರುವುದು ಕಾಣುತ್ತದೆ. ಅದು ಶ್ವಾಸನಾಳದ ಬಾಯಿ. ನಮ್ಮ ಗಂಟಲಿನಲ್ಲಿರುವಂಥ ಮುಚ್ಚಳ ಹಕ್ಕಿಗಿಲ್ಲ. ಹನಿ ನೀರನ್ನು ಬಾಯಿಗೆ ಬಿಟ್ಟರೆ ಅದು ನೇರವಾಗಿ ಆ ಸೀಳಿಗೆ ಇಳಿದು ಶ್ವಾಸಕೋಶಕ್ಕೆ ಹೋಗಬಹುದು. ಮರಿ ಕೂಡಲೇ ಉಸಿರುಗಟ್ಟಿ ಸಾಯಬಹುದು, ಇಲ್ಲವೇ ನ್ಯುಮೋನಿಯಾ ಆಗಿ ಒಂದೆರಡು ದಿನಗಳಲ್ಲಿ ಸಾಯಬಹುದು. ಗೂಡಿನ ಮರಿಗೆ ಬೇಕಾದ ನೀರಿನ ಅಂಶ ಗುಟುಕಿನಲ್ಲೇ ಸಿಗುತ್ತದೆ, ಹೆಚ್ಚಿನ ಹಕ್ಕಿಗಳು ಅದಕ್ಕೆ ಬೇರೆಯಾಗಿ ನೀರು ಕುಡಿಸುವುದಿಲ್ಲ. ಹಸುವಿನ ಹಾಲನ್ನು ಹಕ್ಕಿಗಳು ಜೀರ್ಣಿಸಿಕೊಳ್ಳಲಾರವು. ಬ್ರೆಡ್ಡು ಹೊಟ್ಟೆ ತುಂಬಿಸುತ್ತದೆ, ಪೋಷಣೆ ಕೊಡುವುದಿಲ್ಲ. ಕಾಳು ತಿನ್ನುವ ಗುಬ್ಬಚ್ಚಿಯೂ ತನ್ನ ಎಳೆಯ ಮರಿಗೆ ಹೆಚ್ಚಾಗಿ ಹುಳುಗಳನ್ನೇ ತಿನ್ನಿಸುವುದರಿಂದ, ದೊಡ್ಡ ಹಕ್ಕಿ ತಿನ್ನುವುದನ್ನೇ ಮರಿಗೂ ಕೊಡಬಹುದೆಂಬ ಊಹೆಯೂ ನಿಲ್ಲುವುದಿಲ್ಲ. ಅದಲ್ಲದೆ ತಣ್ಣಗಾದ ಮರಿಯ ಹೊಟ್ಟೆಗೆ ಹೋದದ್ದು ಜೀರ್ಣವಾಗದೆ ಕೊಳೆಯುತ್ತದೆ. ತಜ್ಞರು ಫೋನಿನಲ್ಲಾದರೂ ಇಂಥದ್ದನ್ನೇ ಕೊಡಿ ಎಂದು ಹೇಳುವವರೆಗೆ ಬಾಯಿಗೆ ಏನನ್ನೂ ಹಾಕಬಾರದು.

ಹಾಗಾದರೆ ನಾವೇ ಕಲಿತು ಸಾಕಬಾರದೇ ಎಂದು ಕೇಳುವವರಿಗೆ ನನ್ನ ಉತ್ತರ ಬೇಡವೆಂದೇ. ಅನೇಕ ದೇಶಗಳಲ್ಲಿ ಕಾಡುಹಕ್ಕಿಯನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಕಾನೂನನ್ನು ಬದಿಗಿಟ್ಟರೂ, ಸುಣ್ಣದಂಶ ಸಾಲದ ಆಹಾರ ತಿಂದ ಮರಿಯ ಮೂಳೆಗಳು ಬೆಳೆಯುತ್ತಲೇ ಬಾಗುತ್ತವೆ. ಎಳವೆಯಲ್ಲಿ ಮನುಷ್ಯರನ್ನು ಮಾತ್ರ ನೋಡಿ ಬೆಳೆದ ಮರಿ ತನ್ನ ಜಾತಿಯನ್ನು ಗುರುತಿಸುವುದಿಲ್ಲ. ಮೊಟ್ಟೆಯೊಡೆದು ಬಂದ ಹೆಬ್ಬಾತಿನ ಮರಿಗಳು ಮೊದಲು ಕಂಡ ಚಲಿಸುವ ಜೀವಿಯ ಹಿಂದೆಯೇ ಹೋಗುವುದನ್ನು ಅಧ್ಯಯನ ಮಾಡಿ ಹೆಸರಾದ ಕೊನ್ರಾಡ್ ಲೊರೆಂಟ್ಸ್ 1973ರ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಮೂವರಲ್ಲಿ ಒಬ್ಬರು. ಅವರ ಹಿಂದೆ ಸಾಲಾಗಿ ನಡೆಯುವ ಮರಿಗಳ ಚಿತ್ರ ನೋಡಲು ಮುದ್ದಾಗಿದೆ. ಕಾಡಿಗೆ ಬಿಡಬೇಕಾದ ಹಕ್ಕಿಗೆ ಅದೇ ಗುಣ ಪ್ರಾಣಕ್ಕೆ ಕುತ್ತು, ಏಕೆಂದರೆ ಅದು ಮನುಷ್ಯರಿಗೆ ಹೆದರುವುದಿಲ್ಲ.

ಒಪ್ಪಿಸುವಾಗ ಹೇಳಬೇಕಾದದ್ದು

ಮರಿ ಸಿಕ್ಕ ಹೊತ್ತು, ಬೆಕ್ಕು ನಾಯಿ ಅಥವಾ ಕಿಟಕಿಯ ಗಾಜಿನ ಸಂಬಂಧ, ಈಗಾಗಲೇ ಏನಾದರೂ ತಿನ್ನಿಸಿದ್ದರೆ ಅದು, ಇಷ್ಟನ್ನೂ ಮುಚ್ಚಿಡದೆ ಬರೆದುಕೊಡಬೇಕು. ನೀರು ಕುಡಿಸಿದ್ದನ್ನು ಸಂಕೋಚದಿಂದ ಹೇಳದೇ ಬಿಟ್ಟರೆ ವೈದ್ಯರು ಶ್ವಾಸಕೋಶವನ್ನು ಬಿಟ್ಟು ಬೇರೆಲ್ಲೋ ಹುಡುಕುತ್ತಾರೆ. ಜಾಗದ ವಿವರ ಎಲ್ಲಕ್ಕಿಂತ ಮುಖ್ಯ. ಮರಿ ಚೇತರಿಸಿಕೊಂಡರೆ ಅದನ್ನು ಸಿಕ್ಕ ಜಾಗದಲ್ಲೇ ಬಿಡುವುದು ವಾಡಿಕೆ, ಮತ್ತು ಒಂದೆರಡು ದಿನಗಳೊಳಗಾದರೆ ಪೋಷಕರು ಇನ್ನೂ ಅಲ್ಲೇ ಇದ್ದು ಅದನ್ನು ಸೇರಿಸಿಕೊಳ್ಳುವ ಸಾಧ್ಯತೆಯೂ ಇರುತ್ತದೆ. ಆದ್ದರಿಂದ ರಸ್ತೆ ಬದಿ ಎಂದಷ್ಟೇ ಬರೆಯದೆ ಯಾವ ಮರ, ಅದರ ಯಾವ ಬದಿ, ಗೂಡು ಕಂಡಿದ್ದರೆ ಎಷ್ಟು ಎತ್ತರದಲ್ಲಿ ಎಂಬುದನ್ನು ಬರೆದು, ಆ ಜಾಗದ ಒಂದು ಫೋಟೋವನ್ನೂ ಜೊತೆಗೆ ಕೊಡಬೇಕು.